ಪೂಜೆಗೆ ಇಡದ ಕಟಿಂಗ್ ಪ್ಲೇಯರ್

ಗೋವಿಂದರಾಜನಗರದಲ್ಲಿ ವೆಂಕಟಗಿರಿಯ ರಿಪೇರಿ ಅಂಗಡಿಗೆ ಬೋರ್ಡಿಲ್ಲ. ಯಾರನ್ನಾದರೂ ಕೇಳಿದರೆ, ನೇರ ಹೋಗಿ, ಎಲ್ಲಿ ಯಾರಿಗೋ ಬೈಯುವುದು ಕೇಳಿಸುತ್ತದೋ ಅಲ್ಲಿ ನಿಂತುಕೊಳ್ಳಿ ಎನ್ನುತ್ತಾರೆ. ಐವತ್ತೇಳರ ಮನುಷ್ಯ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಬೈಗುಳ ಯಾವತ್ತೂ ಗಾಡಿಗಲ್ಲ, ಗಾಡಿಯನ್ನು ಆ ಗತಿಗೆ ತಂದವರಿಗೆ. ಬೇರೆ ಮೆಕ್ಯಾನಿಕ್ಕುಗಳು ಮುಟ್ಟದ ಹಳೇ ಮೊಪೆಡ್ಡು, ಹಳೇ ಸ್ಕೂಟರುಗಳೆಲ್ಲ ಕೊನೆಗೆ ಅವನ ಬಾಗಿಲಿಗೇ ಬಂದು ನಿಲ್ಲುತ್ತವೆ. ವೈರು ಬಿಡಿಸಲು ಪ್ಲೇಯರು ಕೈಗೆ ಸಿಗದಿದ್ದರೆ ಹಲ್ಲಲ್ಲೇ ಕಚ್ಚಿ ಕಿತ್ತು ಸುತ್ತುತ್ತಾನೆ. ಈ ಅಭ್ಯಾಸಕ್ಕೆ ಹೆಂಡತಿ ಪುಟ್ಟಲಕ್ಷ್ಮಿ ಮೂವತ್ತು ವರ್ಷದಿಂದ ಬೈದೂ ಬೈದೂ ಸೋತಿದ್ದಾಳೆ.

ಅವನದೊಂದು ನಿಯಮವಿತ್ತು. ಅಂಗಡಿಯ ಮುಂದಿನ ರಸ್ತೆ ನಲವತ್ತು ಹೆಜ್ಜೆ ಸಮವಾಗಿ ಹೋಗಿ, ಅಲ್ಲಿಂದಾಚೆ ಒಂದೇ ಸಮನೆ ಇಳಿದು ಮಾಗಡಿ ರಸ್ತೆಗೆ ಸೇರುತ್ತದೆ. ರಿಪೇರಿಯಾದ ಗಾಡಿಯನ್ನು ತಾನೇ ಒಮ್ಮೆ ಆ ಇಳಿಜಾರಿನಲ್ಲಿ ಇಳಿಸಿ, ಮತ್ತೆ ಹತ್ತಿಸಿಕೊಂಡು ಬಂದ ಮೇಲಷ್ಟೇ ಕೀಲಿ ಕೊಡುತ್ತಿದ್ದ. ಗಿರಾಕಿ ಎಷ್ಟೇ ಅವಸರ ಮಾಡಲಿ, ಜಗ್ಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಆ ನಿಯಮ ತಪ್ಪಿದ್ದು ಒಂದೇ ಒಂದು ಸಲ, ಹೋದ ವರ್ಷ ಶುಕ್ರವಾರ ಬಂದ ಆಯುಧಪೂಜೆಯ ದಿನ.

ಹಬ್ಬಕ್ಕೆ ಹತ್ತು ದಿನ ಇರುವಾಗ ದ್ಯಾಮಪ್ಪ ಬಂದ. ರೋಣದ ಕಡೆಯವನು, ಮೂವತ್ತೈದು ದಾಟಿರಲಿಕ್ಕಿಲ್ಲ. ಕಾಮಾಕ್ಷಿಪಾಳ್ಯದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ಆರು ವರ್ಷ ನಿಂತವನು. ಒಂದು ಮಧ್ಯಾಹ್ನ ಆ ಪ್ರೆಸ್ಸು ಅವನ ಎಡಗೈಯ ನಾಲ್ಕು ಬೆರಳು ತೆಗೆದುಕೊಂಡಿತು. ಹೆಬ್ಬೆರಳೊಂದು ಉಳಿಯಿತು, ಕೆಲಸ ಉಳಿಯಲಿಲ್ಲ. ಆಮೇಲೆ ಹೆಂಡತಿ ಮುತ್ತವ್ವ ಬಾಡಿಗೆ ಮನೆಯಲ್ಲೇ ಜೋಳದ ರೊಟ್ಟಿ ಬಡಿಯಲು ಶುರುಮಾಡಿದಳು. ಇವನು ಅದನ್ನು ಸೈಕಲ್ಲಿನಲ್ಲಿ ಚಂದ್ರಾ ಲೇಔಟ್, ವಿಜಯನಗರ, ರಾಜರಾಜೇಶ್ವರಿನಗರದ ಖಾನಾವಳಿಗಳಿಗೆ ಮುಟ್ಟಿಸುತ್ತಿದ್ದ. ರೊಟ್ಟಿ ಕೊಡುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಸುಘೋಷ್ ಎಂಬುವವರು ಸೈಕಲ್ಲಿಗೆ ಕೂರಿಸುವ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಆನ್‌ಲೈನಿನಲ್ಲಿ ತರಿಸಿ, ತಾವೇ ಕೂರಿಸಿ, ನಾಲ್ಕು ದಿನ ಓಡಿಸಿ ಬೇಸರಗೊಂಡಿದ್ದರು. ಇವನು ರೊಟ್ಟಿ ಹೊತ್ತು ದಿಬ್ಬ ಏರಲಾರದೆ ಏದುಸಿರು ಬಿಡುವುದನ್ನು ನೋಡಿ, ಸೈಕಲ್ಲಿನ ಸಮೇತ ಕೊಟ್ಟುಬಿಟ್ಟರು.

ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಆದರೆ ಆ ಎಂಜಿನ್ನಿನ ಕ್ಲಚ್ಚು ಎಡಗೈಯಲ್ಲಿ ಹಿಡಿಯುವಂಥದ್ದು. ದ್ಯಾಮಪ್ಪ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಕ್ಲಚ್ ಲಿವರಿಗೆ ನೈಲಾನ್ ದಾರ ಕಟ್ಟಿ, ಅದರ ಕುಣಿಕೆಯನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ಮೊಣಕೈ ಹಿಂದಕ್ಕೆಳೆದರೆ ಕ್ಲಚ್ಚು ಬಿಡುತ್ತಿತ್ತು, ಮುಂದೆ ತಂದರೆ ಹಿಡಿಯುತ್ತಿತ್ತು. ಗಾಡಿ ಬಿದ್ದರೆ ತೋಳೂ ಅದರ ಜೊತೆಗೇ ಹೋಗಬೇಕು.

ವೆಂಕಟಗಿರಿ ಮೊದಲು ಹೊಟ್ಟೆ ತುಂಬ ಬೈದ. ಆಮೇಲೆ ಕತ್ತರಿ ತಂದು ಆ ದಾರವನ್ನು ಕತ್ತರಿಸಿ ಎಸೆದ. ಲಿವರನ್ನು ಬಲಗಡೆಗೆ ಹಾಕೋಣವೆಂದರೆ ಅಲ್ಲಿ ಆಗಲೇ ಎಕ್ಸಲೇಟರು, ಬ್ರೇಕು ಎರಡೂ ಇವೆ, ಒಂದು ಕೈಗೆ ಮೂರು ಕೆಲಸ ಆಗುವುದಿಲ್ಲ. ಕೈಯೇ ಬೇಡದ ಕ್ಲಚ್ಚು ಹಾಕಿಕೊಡುತ್ತೇನೆ ಎಂದ. ಗುಜರಿಯಲ್ಲಿ ತಂದಿಟ್ಟಿದ್ದ ಹಳೇ ಮೊಪೆಡ್ಡಿನ ಕ್ಲಚ್ಚನ್ನು ತೆಗೆದು ತೋರಿಸಿದ. ನಡುವೆ ಎರಡು ಶೂ, ಅವನ್ನು ಒಳಕ್ಕೆ ಎಳೆದು ಹಿಡಿದ ಸ್ಪ್ರಿಂಗು, ಸುತ್ತ ಬೋಗುಣಿಯಂಥ ಡ್ರಮ್ಮು. ಎಂಜಿನ್ ನಿಧಾನವಾಗಿ ತಿರುಗುವಾಗ ಶೂಗಳು ಒಳಗೇ ಮುದುರಿಕೊಂಡಿರುತ್ತವೆ, ಗಾಡಿ ನಿಂತಲ್ಲೇ ಇರುತ್ತದೆ. ಎಕ್ಸಲೇಟರು ಕೊಟ್ಟು ವೇಗ ಹೆಚ್ಚಿದಾಗ ಶೂಗಳು ಹೊರಕ್ಕೆ ಚಾಚಿ ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ, ಗಾಡಿ ಹೊರಡುತ್ತದೆ. ಎಕ್ಸಲೇಟರು ಬಿಟ್ಟರೆ ತಾನಾಗಿಯೇ ಕಳಚಿಕೊಳ್ಳುತ್ತದೆ.

ಮುತ್ತವ್ವ ಜೊತೆಗೇ ಬಂದಿದ್ದಳು. ಎಲ್ಲ ಕೇಳಿಸಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು.

"ಅಣ್ಣಾರ, ಒಂದು ಕೈ ಮಷೀನಿಗೆ ಕೊಟ್ಟೇವ್ರಿ. ಇನ್ನೊಂದು ಕೈ ಉಳದೈತಿ. ಅದರಾಗ ನಾಕು ಮಂದಿ ಉಣಬೇಕು. ಅದಕ್ಕ ಏನೂ ಆಗಬಾರದು ನೋಡ್ರಿ."

"ಆಗಲ್ಲಮ್ಮ," ಎಂದ ವೆಂಕಟಗಿರಿ. "ಆ ಕೈ ನನ್ನ ಜವಾಬ್ದಾರಿ."

ಬಾಯಿಮಾತಿಗೆ ಏನನ್ನೂ ಹೇಳುವ ಮನುಷ್ಯನಲ್ಲ ಅವನು. ಹೇಳಿದ ಮೇಲೆ ಅದು ಅವನ ತಲೆಯಲ್ಲಿ ಕೂತುಬಿಟ್ಟಿತು. ಊಟಕ್ಕೆ ಕೂತಾಗಲೂ ಆ ಬೋಳು ಅಂಗೈ ಕಣ್ಣ ಮುಂದೆ ಬರುತ್ತಿತ್ತು.

ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೊಪೆಡ್ಡಿನ ಕ್ಲಚ್ಚು ಈ ಎಂಜಿನ್ನಿನ ಶಾಫ್ಟಿಗೆ ದೊಡ್ಡದಾಯಿತು. ಲೇತಿನವನ ಹತ್ತಿರ ಸಂದಿ ತುಂಬುವ ಬುಷ್ ಕಡೆಸಿ ಕೂರಿಸಿದ. ಮೊದಲ ಸಲ ಸ್ಟ್ಯಾಂಡ್ ಹಾಕಿ, ಹಗ್ಗ ಎಳೆದು ಸ್ಟಾರ್ಟ್ ಮಾಡಿದಾಗ ಯಾರೂ ಎಕ್ಸಲೇಟರು ಮುಟ್ಟಿರಲಿಲ್ಲ. ಆದರೂ ಹಿಂದಿನ ಚಕ್ರ ಮೆಲ್ಲಗೆ ತಿರುಗತೊಡಗಿತು. ಮೊದಲು ಒಂದೊಂದೇ ಕಡ್ಡಿ ಎಣಿಸುವಷ್ಟು ನಿಧಾನ, ಆಮೇಲೆ ಕಡ್ಡಿಗಳೇ ಕಾಣದಷ್ಟು. ಸೈಕಲ್ಲು ಅದುರುತ್ತ ಅದುರುತ್ತ ಸ್ಟ್ಯಾಂಡಿನಿಂದ ಜಾರಿತು, ನೆಲ ಸಿಕ್ಕಿದ್ದೇ ತಡ, ಎದುರಿನ ಶಟರಿಗೆ ಹೋಗಿ ಗುದ್ದಿತು. ಬಿದ್ದ ಮೇಲೂ ಚಕ್ರ ತಿರುಗುತ್ತಲೇ ಇತ್ತು. ಬೀದಿಯ ನಾಯಿ ಎದ್ದು ಆಚೆ ಬದಿಗೆ ಹೋಗಿ ಮಲಗಿತು.

ವೆಂಕಟಗಿರಿ ಬಟ್ಟೆ ಸುತ್ತಿದ ಕೈಯಿಂದ ಪ್ಲಗ್ಗಿನ ಮೇಲಿನ ಕ್ಯಾಪನ್ನು ಕಿತ್ತ. ಎಂಜಿನ್ ಸುಮ್ಮನಾಯಿತು. ಕಿಡಿ ಹೋಗುವ ದಾರಿ ಅದೊಂದೇ, ಕ್ಯಾಪು ಕಿತ್ತರೆ ಎಂಥ ಎಂಜಿನ್ನೂ ಸಾಯಬೇಕು ಎಂದು ದ್ಯಾಮಪ್ಪನಿಗೆ ವಿವರಿಸಿದ. ದ್ಯಾಮಪ್ಪ ಬಗ್ಗಿ, ಆ ಕ್ಯಾಪು ಎಲ್ಲಿದೆ ಎಂದು ಸರಿಯಾಗಿ ನೋಡಿಕೊಂಡ. ಅದರ ಒಂದು ಗೇಣು ಕೆಳಗೇ, ಮುಚ್ಚಳವಿಲ್ಲದೆ, ಚೈನು ಹಲ್ಲುಚಕ್ರಕ್ಕೆ ಸುತ್ತಿಕೊಂಡಿತ್ತು.

ಸ್ಪ್ರಿಂಗು ಹಳತಾಗಿ ಸಡಿಲಾದದ್ದೇ ಕಾರಣ. ಹೊಸ ಸ್ಪ್ರಿಂಗು ತಂದು ಹಾಕಿದ ಮೇಲೆ ಎಲ್ಲ ಸರಿಹೋಯಿತು. ಆದರೆ ವೆಂಕಟಗಿರಿಗೆ ಸಮಾಧಾನವಾಗಲಿಲ್ಲ. ಕೈಯಲ್ಲಿ ಹಿಡಿಯುವ ಕ್ಲಚ್ಚಿದ್ದರೆ ಎಕ್ಸಲೇಟರು ಕಚ್ಚಿಕೊಂಡರೂ ಭಯವಿಲ್ಲ, ಲಿವರು ಒತ್ತಿದರೆ ಎಂಜಿನ್ನು ಒದರಿಕೊಂಡರೂ ಗಾಡಿ ನಿಲ್ಲುತ್ತದೆ. ಇದರಲ್ಲಿ ಆ ದಾರಿಯೇ ಇಲ್ಲ. ಎಂಜಿನ್ನು ವೇಗವಾಗಿ ತಿರುಗುವಷ್ಟು ಹೊತ್ತೂ ಕ್ಲಚ್ಚು ಹಿಡಿದ ಪಟ್ಟು ಬಿಡುವುದಿಲ್ಲ. ಅದಕ್ಕೇ ಬಲಗೈ ಹೆಬ್ಬೆರಳಿಗೆ ಎಟುಕುವಂತೆ ಕೆಂಪು ಗುಂಡಿಯೊಂದು ಬೇಕೇ ಬೇಕು, ಒತ್ತಿದ ತಕ್ಷಣ ಕಿಡಿ ನಿಂತು ಎಂಜಿನ್ನು ಆಫ್ ಆಗಬೇಕು. ಅದಿಲ್ಲದೆ ಗಾಡಿ ಅಂಗಡಿ ಬಿಟ್ಟು ಹೋಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದ. ಹಬ್ಬದ ಹಿಂದಿನ ಸಂಜೆ ಗುಂಡಿಯನ್ನು ಹ್ಯಾಂಡಲಿಗೆ ಕೂರಿಸಿ, ವೈರನ್ನು ಟ್ಯಾಂಕಿನ ಕೆಳಗೆ ಎಳೆದು ಟೇಪು ಸುತ್ತಿದ. ತುದಿ ಬಿಡಿಸಿ ಎಂಜಿನ್ನಿನ ವೈರಿಗೆ ಸೇರಿಸುವುದೊಂದು ಬಾಕಿ. ಚೈನಿನ ಮುಚ್ಚಳಕ್ಕೆ ಮೂರು ಸ್ಕ್ರೂ ಬಾಕಿ. ಅಷ್ಟರಲ್ಲಿ ಕರೆಂಟು ಹೋಯಿತು. ಬೆಳಿಗ್ಗೆ ಎದ್ದು ಐದು ನಿಮಿಷದಲ್ಲಿ ಮುಗಿಸಿದರಾಯಿತು ಎಂದು ಶಟರು ಎಳೆದ.

ಬೆಳಿಗ್ಗೆ ಬೂದುಗುಂಬಳ, ಬಾಳೆಕಂದು ತರಲು ವಿಜಯನಗರದ ಮಾರ್ಕೆಟ್ಟಿಗೆ ಹೋದವನು ಜನದ ನಡುವೆ ಸಿಕ್ಕಿಕೊಂಡ. ವಾಪಸು ಬರುವಾಗ ಒಂಬತ್ತೂವರೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಗಂಡ ಬರುವುದರೊಳಗೆ ಎಲ್ಲ ಸಿದ್ಧವಿರಲಿ ಎಂದು ಪುಟ್ಟಲಕ್ಷ್ಮಿ ಸ್ಪ್ಯಾನರು, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದು, ಮಣೆಯ ಮೇಲೆ ಜೋಡಿಸಿ, ವಿಭೂತಿ ಬಳಿದು ಕುಂಕುಮ ಇಟ್ಟು, ದೀಪ ಹಚ್ಚಿ ಕಾಯುತ್ತಿದ್ದಳು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಮರುದಿನ ಪೂಜೆ ಕದಲಿಸಿದ ಮೇಲೇ ಕೆಲಸ. ವೆಂಕಟಗಿರಿಯ ಅಪ್ಪನೂ ಮುಟ್ಟಿದವನಲ್ಲ, ಇವನೂ ಮುಟ್ಟಿದವನಲ್ಲ.

ಮಣೆಯನ್ನು ನೋಡಿದ ಕೂಡಲೇ ಅವನಿಗೆ ಆ ವೈರು ನೆನಪಾಯಿತು. ಹಲ್ಲಲ್ಲಿ ಕಿತ್ತು ಸುತ್ತಬಹುದಿತ್ತು, ದಿನಾ ಮಾಡುವವನೇ. ಆದರೆ ಹಬ್ಬದ ದಿನ ಕೆಲಸ ಕೆಲಸವೇ, ಪ್ಲೇಯರಿನಲ್ಲಿ ಮಾಡಿದರೇನು, ಹಲ್ಲಲ್ಲಿ ಮಾಡಿದರೇನು ಎಂದು ಮನಸ್ಸು ಹಿಂಜರಿಯಿತು. ಗಾಡಿ ನಾಳೆ ತಾನೇ ಹೋಗುವುದು ಎಂದುಕೊಂಡು ಮಂಗಳಾರತಿ ಎತ್ತಿದ.

ಆಗ ದ್ಯಾಮಪ್ಪ, ಮುತ್ತವ್ವ ಬಂದರು. ಇಬ್ಬರೂ ಹೊಸ ಬಟ್ಟೆ ಹಾಕಿದ್ದರು. ಮುತ್ತವ್ವನ ಕೈಯಲ್ಲಿ ಒಂದು ಮೊಳ ಉದ್ದದ ಸೇವಂತಿಗೆ ಮಾಲೆ, ಎರಡು ನಿಂಬೆಹಣ್ಣು. ಕೆಲಸ ಮುಗಿದಿಲ್ಲ, ನಾಳೆ ಬನ್ನಿ ಎಂದ ವೆಂಕಟಗಿರಿ. ಒಯ್ಯೋದು ನಾಳೆನೇ ಒಯ್ಯುತ್ತೇವೆ, ಪೂಜೆ ಮಾತ್ರ ಇವತ್ತು ಆಗಲಿ, ಮೊದಲ ಗಾಡಿ ನಮ್ಮದು ಎಂದಳು ಮುತ್ತವ್ವ. ಆ ಮುಖ ನೋಡಿ ಯಾರಿಗೆ ತಾನೇ ಇಲ್ಲವೆನ್ನಲು ಬಾಯಿ ಬಂದೀತು?

ಸೈಕಲ್ಲನ್ನು ರಸ್ತೆಗೆ ತಂದು ನಿಲ್ಲಿಸಿದರು. ಪುಟ್ಟಲಕ್ಷ್ಮಿ ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿದಳು. ಮುತ್ತವ್ವ ಮಾಲೆಯನ್ನು ಹ್ಯಾಂಡಲಿಗೆ ಕಟ್ಟಿದಳು. ದಾರಿಯಲ್ಲಿ ಬಿದ್ದುಹೋಗಬಾರದೆಂದು ದಾರವನ್ನು ಬಲಗಡೆಯ ಹಿಡಿಗೆ, ಎಕ್ಸಲೇಟರು ತಿರುಗುವ ಜಾಗಕ್ಕೇ, ಮೂರು ಸುತ್ತು ಸುತ್ತಿ ಗಂಟು ಬಿಗಿದಳು. ವೆಂಕಟಗಿರಿ ಅದನ್ನು ನೋಡುತ್ತ ಪಕ್ಕದಲ್ಲೇ ನಿಂತಿದ್ದ. ಚೆನ್ನಾಗಿ ಕಾಣುತ್ತದೆ ಎಂದೂ ಹೇಳಿದ. ಹೂವಿನ ನಡುವೆ ಕೆಂಪು ಗುಂಡಿ ಹೊಳೆಯುತ್ತಿತ್ತು. ನೋಡಿದವರು ಯಾರಾದರೂ ಗಾಡಿ ಪೂರ್ತಿ ಸಿದ್ಧವಾಗಿದೆ ಎಂದೇ ತಿಳಿಯಬೇಕು.

ಕುಂಬಳಕಾಯಿ ಒಡೆದಾಯಿತು. ಎರಡೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಾಯಿತು. ಹಣ್ಣಿನ ಮೇಲೆ ತಳ್ಳಿಕೊಂಡೇ ಹತ್ತಿಸು ಎಂದ ವೆಂಕಟಗಿರಿ. ಎಂಜಿನ್ ಇರೋ ಗಾಡಿನ ಯಾರಾದ್ರೂ ತಳ್ಳಿ ಹತ್ತಿಸ್ತಾರೇನ್ರೀ, ಅಪಶಕುನ ಅಲ್ವಾ ಎಂದಳು ಪುಟ್ಟಲಕ್ಷ್ಮಿ. ಐದು ಹೆಜ್ಜೆಯ ಮಾತು. ತಾನು ಪಕ್ಕದಲ್ಲೇ ಇರುತ್ತೇನಲ್ಲ ಎಂದುಕೊಂಡ ಅವನು.

"ಒಂಚೂರೇ ಎಕ್ಸಲೇಟರು ಕೊಡು, ಹಣ್ಣು ದಾಟಿದ ತಕ್ಷಣ ಬಿಟ್ಬಿಡು," ಎಂದ ಸೀಟಿನ ಮೇಲೆ ಕೂತ ದ್ಯಾಮಪ್ಪನಿಗೆ. "ಗುಂಡಿಗೆ ಇನ್ನೂ ವೈರ್ ಕೊಟ್ಟಿಲ್ಲ. ನಿಲ್ಸೋಕೆ ನಾನೇ ಕ್ಯಾಪ್ ಕೀಳ್ತೀನಿ."

ಹಗ್ಗ ಎಳೆದದ್ದೂ ವೆಂಕಟಗಿರಿಯೇ. ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು, ಗಾಡಿ ನಿಂತಲ್ಲೇ ಇತ್ತು. ಹೊಸ ಸ್ಪ್ರಿಂಗು ಚೆನ್ನಾಗಿದೆ ಎಂದು ಅವನಿಗೆ ಆ ಗಳಿಗೆಯಲ್ಲೂ ಹೆಮ್ಮೆಯಾಯಿತು. ದ್ಯಾಮಪ್ಪ ಹಿಡಿಯನ್ನು ತಿರುಗಿಸಿದ. ಮುಂದಿನ ನಿಂಬೆಹಣ್ಣು ಪಚ್ಚೆಂದಿತು, ಹಿಂದಿನದೂ ಪಚ್ಚೆಂದಿತು. ಪುಟ್ಟಲಕ್ಷ್ಮಿ, ಮುತ್ತವ್ವ ಇಬ್ಬರೂ ಕೈಮುಗಿದರು.

ಎಂಜಿನ್ನಿನ ಸದ್ದು ಇಳಿಯಲಿಲ್ಲ.

ಹಿಡಿ ತಿರುಗಿದಾಗ ಹೂವಿನ ದಾರ ಸಂದಿಗೆ ಸುತ್ತಿಕೊಂಡು ಬಿಗಿದುಬಿಟ್ಟಿತ್ತು. ದ್ಯಾಮಪ್ಪ ಹಿಂದಕ್ಕೆ ತಿರುಗಿಸಿದಷ್ಟೂ ಅದು ಇನ್ನಷ್ಟು ಬಿಗಿಯಿತು. ಅವನು ಗಾಬರಿಯಲ್ಲಿ ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿದ. ಮತ್ತೆ ಒತ್ತಿದ. ವೈರಿಲ್ಲದ ಗುಂಡಿ ಟಕ್ ಟಕ್ ಎಂದಿತು, ಅಷ್ಟೇ. ಬ್ರೇಕನ್ನು ಬಲವಾಗಿ ಹಿಡಿದದ್ದರಿಂದ ಗಾಡಿ ಮನುಷ್ಯ ಓಡುವಷ್ಟು ವೇಗದಲ್ಲೇ ಹೋಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಬ್ರೇಕಿನ ರಬ್ಬರು ಸುಟ್ಟ ವಾಸನೆ ಬಂತು. ವೆಂಕಟಗಿರಿ ಕ್ಯಾಪಿಗೆ ಕೈ ಚಾಚುತ್ತ ಪಕ್ಕದಲ್ಲಿ ಓಡುತ್ತಿದ್ದ, ಇನ್ನೂ ಎಟುಕಿರಲಿಲ್ಲ. ಬಿಡು, ಹಾರ್ಕೋ ಎಂದು ಕೂಗಿದ, ಎಂಜಿನ್ನಿನ ಅಬ್ಬರದಲ್ಲಿ ಅದು ಕೇಳಿಸಿತೋ ಇಲ್ಲವೋ. ನಲವತ್ತು ಹೆಜ್ಜೆಯಲ್ಲಿ ಇಪ್ಪತ್ತು ಮುಗಿದಿತ್ತು. ಕೆಳಗೆ ಮಾಗಡಿ ರಸ್ತೆಯಲ್ಲಿ ಬಾಳೆಕಂದು ಕಟ್ಟಿಕೊಂಡ ಬಸ್ಸುಗಳು ಹೋಗುತ್ತಿದ್ದವು.

ಆಗ ದ್ಯಾಮಪ್ಪ ಬ್ರೇಕು ಬಿಟ್ಟು, ಆ ಬಲಗೈಯನ್ನು ಕೆಳಕ್ಕೆ ಇಳಿಸುವುದು ಕಾಣಿಸಿತು. ಕ್ಯಾಪು ಕೀಳಲು. ವೆಂಕಟಗಿರಿಯೇ ಕಲಿಸಿದ್ದ ಪಾಠ. ಕಣ್ಣು ರಸ್ತೆಯ ಮೇಲೆ, ಕೈ ಮಾತ್ರ ಕೆಳಗೆ ತಡಕುತ್ತ, ಕ್ಯಾಪಿಗಿಂತ ಒಂದು ಗೇಣು ಕೆಳಗೆ, ಮುಚ್ಚಳವಿಲ್ಲದ ಚೈನಿನ ಕಡೆಗೇ ಹೋಗುತ್ತಿತ್ತು.

ವೆಂಕಟಗಿರಿ ಏನನ್ನೂ ಯೋಚಿಸಲಿಲ್ಲ. ಎಡಗೈ ಚಾಚಿ ಆ ಕೈಯನ್ನು ಆಚೆಗೆ ಹೊಡೆದ, ಅದೇ ಕೈಯಲ್ಲಿ ಕ್ಯಾಪು ಹಿಡಿದು ಕಿತ್ತ. ಕಿಡಿ ಹೊಡೆದು ತೋಳು ಭುಜದವರೆಗೆ ಝುಮ್ಮೆಂದಿತು. ಎಂಜಿನ್ನು ಸತ್ತಿತು. ಆದರೆ ಚಕ್ರ ಇನ್ನೂ ಉರುಳುತ್ತಿತ್ತು, ಚೈನೂ ಅದರ ಜೊತೆಗೆ. ಮರಗಟ್ಟಿದ ಕೈ ಕ್ಯಾಪಿನ ಸಮೇತ ಜಾರಿ ಅದರ ಮೇಲೆ ಬಿತ್ತು.

ಇಬ್ಬರೂ ಸೈಕಲ್ಲಿನ ಜೊತೆಗೇ ಬಿದ್ದರು, ಇಳಿಜಾರು ಶುರುವಾಗುವ ಕಡೆ. ದ್ಯಾಮಪ್ಪನ ಮೊಣಕಾಲು ತರಚಿತ್ತು. ಬಲಗೈಯನ್ನು ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಐದೂ ಬೆರಳಿದ್ದವು.

ವೆಂಕಟಗಿರಿ ತನ್ನ ಎಡಗೈಯನ್ನು ನೋಡಿಕೊಳ್ಳಲಿಲ್ಲ. ಎಷ್ಟು ಹೋಗಿದೆ ಎಂದು ನೋಡದೆಯೇ ಅವನಿಗೆ ಗೊತ್ತಾಗಿತ್ತು. ಹೆಂಗಸರು ಕೂಗುತ್ತ ಓಡಿ ಬರುತ್ತಿದ್ದರು. ಅವರು ಬರುವಷ್ಟರಲ್ಲಿ ಅವನು ಬಲಗೈಯಿಂದ ಹ್ಯಾಂಡಲಿನ ಸೇವಂತಿಗೆ ಮಾಲೆಯನ್ನು ದಾರದ ಸಮೇತ ಕಿತ್ತು, ಉಂಡೆ ಮಾಡಿ, ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

ಆಸ್ಪತ್ರೆಯಲ್ಲಿ ತೋರುಬೆರಳು, ನಡುಬೆರಳು ಉಳಿಯಲಿಲ್ಲ ಎಂದರು. ಮುತ್ತವ್ವ ಬಾಗಿಲ ಹೊರಗೆ ಗೋಡೆಗೆ ತಲೆ ಕೊಟ್ಟು ಕೂತಿದ್ದಳು. ಒಳಗೆ ಬಿಟ್ಟಾಗ ಬಂದು ಮಂಚದ ಕಂಬಿ ಹಿಡಿದು ನಿಂತು, ಹೇಗಾಯಿತು ಎಂದು ಕೇಳಿದಳು. ಎಕ್ಸಲೇಟರ್ ಕೇಬಲ್ ಹಿಡ್ಕೊಂಡಿತ್ತು ಕಣಮ್ಮ, ಎಂದ ಅವನು. ನೋಡ್ಬೇಕಿತ್ತು, ನೋಡ್ಲಿಲ್ಲ, ತಪ್ಪು ನಂದೇ. ಆ ಮಾತಿನಲ್ಲಿ ಅರ್ಧ ಸುಳ್ಳಿತ್ತು, ಅರ್ಧ ನಿಜವೇ ಇತ್ತು. ಹೂವು ಕಟ್ಟುವುದನ್ನು ಅವನು ನೋಡಿದ್ದ. ವೈರು ಸೇರಿಸಿಲ್ಲವೆಂದೂ ಗೊತ್ತಿತ್ತು. ಮೂವತ್ತು ವರ್ಷ ಹಲ್ಲಲ್ಲಿ ವೈರು ಕಿತ್ತ ಮನುಷ್ಯನಿಗೆ ಆ ಬೆಳಿಗ್ಗೆ ಮಾತ್ರ ಮಡಿ ನೆನಪಾಗಿತ್ತು. ಇದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೇ ರೇಗುತ್ತದೆ. ದ್ಯಾಮಪ್ಪ ಮಂಚದ ಆಚೆ ಬದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಹಿಡಿ ಯಾಕೆ ಬಿಗಿಯಿತೆಂದು ಅವನಿಗೂ ಗೊತ್ತಿತ್ತು. ಅವನೂ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಮನೆಗೆ ಬಂದ ವೆಂಕಟಗಿರಿ ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಪೂಜೆಯನ್ನು ವಿಜಯದಶಮಿಯಂದೇ ಪುಟ್ಟಲಕ್ಷ್ಮಿ ಒಬ್ಬಳೇ ಕದಲಿಸಿದ್ದಳು. ಅವನು ಹೇಳಿಕೊಟ್ಟಂತೆ ಅವಳೇ ಪ್ಲೇಯರು ಹಿಡಿದು ವೈರಿನ ತುದಿ ಬಿಡಿಸಿ, ಸುತ್ತಿ, ಟೇಪು ಹಾಕಿದಳು. ಮುಚ್ಚಳದ ಮೂರು ಸ್ಕ್ರೂಗಳನ್ನೂ ಬಿಗಿದಳು. ಎಂಜಿನ್ ಸ್ಟಾರ್ಟ್ ಮಾಡಿ ಕೆಂಪು ಗುಂಡಿ ಒತ್ತಿದರು. ತಕ್ಷಣ ನಿಂತಿತು. ಎಲ್ಲ ಸೇರಿ ಹತ್ತು ನಿಮಿಷವೂ ಆಗಲಿಲ್ಲ. ಪುಟ್ಟಲಕ್ಷ್ಮಿ ಪ್ಲೇಯರನ್ನು ನೆಲಕ್ಕೆ ಹಾಕಿ, ಮುಖ ಮುಚ್ಚಿಕೊಂಡು ಅತ್ತಳು.

ಈಗಲೂ ದ್ಯಾಮಪ್ಪ ಆ ಗಾಡಿಯಲ್ಲೇ ರೊಟ್ಟಿ ಹಂಚುತ್ತಾನೆ. ಮುತ್ತವ್ವ ದಿನಾ ನಾಲ್ಕು ರೊಟ್ಟಿ ಅಂಗಡಿಗೆ ಕಳಿಸುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ವೆಂಕಟಗಿರಿ ಎಂಟು ಬೆರಳಿನಲ್ಲೇ ಕೆಲಸ ಮಾಡುತ್ತಾನೆ, ಹತ್ತು ಬೆರಳಿನಷ್ಟೇ ಬೈಯುತ್ತಾನೆ. ದ್ಯಾಮಪ್ಪನ ಎಂಜಿನ್ನಿನ ಸದ್ದು ಇಳಿಜಾರಿನ ಕಡೆ ಹೋಗುವಾಗ ಮಾತ್ರ ಕೈಯಲ್ಲಿದ್ದುದನ್ನು ಬಿಟ್ಟು ಕಿವಿಗೊಡುತ್ತಾನೆ. ಸದ್ದು ಇಳಿದು ಸಣ್ಣದಾದ ಮೇಲಷ್ಟೇ ಮತ್ತೆ ಸ್ಪ್ಯಾನರು ಎತ್ತಿಕೊಳ್ಳುತ್ತಾನೆ.

ಈ ವರ್ಷದ ಆಯುಧಪೂಜೆಗೆ ಪುಟ್ಟಲಕ್ಷ್ಮಿ ಎಲ್ಲ ಆಯುಧ ತೊಳೆದು ಮಣೆಯ ಮೇಲೆ ಜೋಡಿಸಿದಳು. ಕಟಿಂಗ್ ಪ್ಲೇಯರನ್ನು ಮಾತ್ರ ಕುಂಕುಮ ಇಡದೆ ತಂದು ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಹತ್ತು ಗಂಟೆಗೆ ದ್ಯಾಮಪ್ಪ, ಮುತ್ತವ್ವ ಬಂದರು. ಮುತ್ತವ್ವನ ಕೈಯಲ್ಲಿ ಸೇವಂತಿಗೆ ಮಾಲೆ. ಅವಳು ಹ್ಯಾಂಡಲಿನ ಹತ್ತಿರ ಹೋಗುವಷ್ಟರಲ್ಲಿ ವೆಂಕಟಗಿರಿ ಎದ್ದು ಬಂದು ಮಾಲೆಗೆ ಕೈಯೊಡ್ಡಿದ.

"ಆ ಕೈಯಾಗ ನಿಮಗ್ಯಾಕ್ರಿ ಅಣ್ಣಾರ ತ್ರಾಸು? ನಾ ಬಿಗಿಯಾಗಿ ಕಟ್ತೇನ್ ಬಿಡ್ರಿ, ಹೋದ ವರ್ಷ ಬಿದ್ದು ಕಳದೇ ಹೋತು," ಎಂದಳು.

ದ್ಯಾಮಪ್ಪ ಬೇರೆ ಕಡೆ ನೋಡಿದ.

"ಕೊಡಮ್ಮ," ಎಂದ ವೆಂಕಟಗಿರಿ. "ಈ ಸಲ ನಾನೇ ಕಟ್ತೀನಿ."

ಮಾಲೆ ಇಸಿದುಕೊಂಡು, ಹಿಂದಿನ ರೊಟ್ಟಿ ಬುಟ್ಟಿಯ ಕಂಬಿಗೆ, ಉಳಿದ ಬೆರಳುಗಳಲ್ಲಿ ನಿಧಾನವಾಗಿ ಒಂದು ಸಡಿಲ ಗಂಟು ಹಾಕಿದ. ಮಿಕ್ಕಿದ ದಾರವನ್ನು ಜೇಬಿನ ಪ್ಲೇಯರು ತೆಗೆದು ಕತ್ತರಿಸಿದ.